ಚೀಟಿ ಅಕ್ಕನ ಎಂಟು ಹಾಸಿಗೆಯ ಲೆಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ಚೀಟಿ ಅಕ್ಕ ಯಂತ್ರವೊಂದರ ಬೆನ್ನಿಗೆ ಮೂಗು ತಾಗಿಸಿ, ನಿನ್ನೆ ತಾನೇ ಅಂಟಿಸಿದ ಚೀಟಿಯನ್ನು ಉಗುರಿನಿಂದ ಕೆರೆಯುತ್ತಿದ್ದಾರೆ. "ಸರಿ ಬರ್ದಿದ್ದು ಉದುರಿಹೋಗತ್ತೆ, ತಪ್ಪು ಬರ್ದಿದ್ದೇ ಗಟ್ಟಿ ಕೂರತ್ತೆ ನೋಡಿ."

ಇಂಥ ತಪ್ಪು ಚೀಟಿ ನಲವತ್ತಾರು. ಎಂಟು ಗಂಟೆಗೆ ಕೋಣೆ ತೆರೆಯುವುದರೊಳಗೆ ಸರಿಹೋಗದಿದ್ದರೆ ಅಕ್ಕ ಮತ್ತೆ ನೆಲ ಒರೆಸಲು ಹೋಗಬೇಕೆಂದು ಮೇಲ್ವಿಚಾರಕರು ಖಡಾಖಂಡಿತವಾಗಿ ಹೇಳಿದ್ದಾರೆ. ಹನ್ನೊಂದು ವರ್ಷ ಒರೆಸಿದವರು ಇವರು. ಅಕ್ಷರ ಮುತ್ತಿನಂತಿದೆ ಎಂದು ಯಾರೋ ಕಂಡು ಈ ಕೆಲಸ ಕೊಟ್ಟು ನಾಲ್ಕು ವರ್ಷ. ಕಂಪ್ಯೂಟರ್ ಜಾಲದಲ್ಲಿ ಯಂತ್ರಕ್ಕೊಂದು ವಿಳಾಸ, ಅದನ್ನು ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸುವುದೇ ಅಕ್ಕನ ಕೆಲಸ. ಕೆಟ್ಟ ಯಂತ್ರವನ್ನು ದುರಸ್ತಿಯವರು ಹುಡುಕುವುದು ಚೀಟಿ ಓದಿಯೇ.

ಹಳೆಯ ವಿಳಾಸದಲ್ಲಿ ನಾಲ್ಕೇ ತುಂಡು, ನಡುವೆ ಒಂದೊಂದು ಚುಕ್ಕೆ. ಈಗ ಬಂದಿರುವ ಹೊಸದರಲ್ಲಿ ಎಂಟು ತುಂಡು, ನಡುವೆ ಜೋಡಿಚುಕ್ಕೆ. ಅಜ್ಜಿ ಕಥೆಯ ಮಾಯಾ ಅರಮನೆಯಂತೆ, ಹೊಕ್ಕವರಿಗೆ ಬಾಗಿಲು ತಿಳಿಯದು. "ಹತ್ತಕ್ಕೆ ಎ ಅಂತ ಬರೀಬೇಕಂತೆ, ಹದಿನೈದಕ್ಕೆ ಎಫ್ ಅಂತೆ. ಅಂಕಿ ಮಧ್ಯೆ ಅಕ್ಷರಕ್ಕೇನು ಕೆಲಸ? ಕೇಳಿದ್ರೆ ಎಲ್ರೂ ನಗ್ತಾರೆ."

ಸಾಲುಸೊನ್ನೆ ಬಂದಲ್ಲಿ ಅವನ್ನು ಬಿಟ್ಟು ಎರಡು ಜೋಡಿಚುಕ್ಕೆ ಇಡಬಹುದು ಎಂದಷ್ಟೇ ಅಕ್ಕ ಕೇಳಿಸಿಕೊಂಡಿದ್ದರು. ಚೀಟಿಯೋ ಬೆರಳಗಲ. ಜಾಗ ಉಳಿಯಿತೆಂದು 2001:db8:0:0:7:0:0:3 ಎಂಬುದನ್ನು 2001:db8::7::3 ಎಂದು ಬರೆದು, ಎಲ್ಲವನ್ನೂ ಹೀಗೇ ಮುಗಿಸಿಬಿಟ್ಟರು.

"ಒಂದು ಕಡೆ ಮಾತ್ರ ಬಿಡ್ಬೇಕಕ್ಕಾ," ಎನ್ನುತ್ತಾಳೆ ಜಾಲ ನೋಡಿಕೊಳ್ಳುವ ಹುಡುಗಿ.

"ಅಲ್ವೇ ತಾಯಿ, ಅದೂ ಸೊನ್ನೆ, ಇದೂ ಸೊನ್ನೆ. ಏನೂ ಇಲ್ಲದ್ದಕ್ಕೆ ಇಷ್ಟು ರಗಳೆನಾ?"

"ಎಲ್ಲಿ ಎಷ್ಟು ಬಿಟ್ರಿ ಅಂತ ಓದೋರಿಗೆ ಗೊತ್ತಾಗ್ಬೇಡ್ವಾ?"

ಅಕ್ಕನಿಗೆ ತಲೆಬುಡ ತಿಳಿಯುವುದಿಲ್ಲ. ನೀರು ಕುಡಿಯಲು ಹೊರಬಂದವರು ಎದುರಿನ ವಾರ್ಡಿನ ಬಾಗಿಲಲ್ಲೇ ನಿಂತುಬಿಡುತ್ತಾರೆ. ಗೋಡೆಯುದ್ದಕ್ಕೂ ಎಂಟು ಹಾಸಿಗೆ. ಒಂದು, ಎರಡು, ಐದು, ಎಂಟರಲ್ಲಿ ರೋಗಿಗಳು, ಐದರಲ್ಲಿರುವುದು ಒಬ್ಬ ಅಜ್ಜ, ಉಳಿದವು ಖಾಲಿ. ಬೆರಳು ಮಡಚುತ್ತಾ ಎಣಿಸುತ್ತಾರೆ, ಮರೆತು ಮತ್ತೆ ಎಣಿಸುತ್ತಾರೆ.

"ಬಾರೇ ಇಲ್ಲಿ!" ಹುಡುಗಿಯನ್ನು ಕೂಗುತ್ತಾರೆ. "ಒಂದೇ ಕಡೆ ಖಾಲಿ ಅಂದ್ರೆ, ಎಂಟರಲ್ಲಿ ಮಿಕ್ಕಿದ್ದನ್ನ ಕಳೆದು ಎಷ್ಟು ಖಾಲಿ ಅಂತ ಹೇಳ್ಬಹುದು. ಇಲ್ಲೊಂದಿಷ್ಟು ಖಾಲಿ, ಅಲ್ಲೊಂದಿಷ್ಟು ಖಾಲಿ ಅಂದ್ಬಿಟ್ರೆ ಆ ನಡುವಿನಜ್ಜ ಯಾವ ಹಾಸಿಗೇಲಿದ್ದಾನೆ? ನರ್ಸಮ್ಮ ಔಷಧಿ ಯಾರ ಬಾಯಿಗೆ ಹಾಕ್ಬೇಕು?"

"ಇದನ್ನೇ ಅಕ್ಕಾ ನಾನೂ ಬಡ್ಕೊಂಡಿದ್ದು!"

"ನೀನು ಹಾಸಿಗೆ ಅಂತ ಎಲ್ಲಿ ಹೇಳ್ದೆ?"

ಹೊಸ ಚೀಟಿಯ ಮೇಲೆ 2001:db8::7:0:0:3 ಮೂಡುತ್ತದೆ. ಆಮೇಲೆ ಅಕ್ಕನ ಕೈ ನಿಲ್ಲುವುದಿಲ್ಲ. ಎಂಟಕ್ಕೆ ಐದು ನಿಮಿಷವಿರುವಾಗ ಕೊನೆಯ ಚೀಟಿ ಅಂಟುತ್ತದೆ. ಹುಡುಗಿ ಅದನ್ನು ಓದಿಯೇ ಕಂಪ್ಯೂಟರಿಗೆ ಬೆರಳಚ್ಚಿಸುತ್ತಾಳೆ. ಆ ಕಡೆಯ ಯಂತ್ರ ಉತ್ತರ ಕೊಡುತ್ತದೆ. ಮೇಲ್ವಿಚಾರಕರು ನಾಲ್ಕಾರು ಚೀಟಿ ಬಗ್ಗಿ ನೋಡಿ, ಮೇಲಿನ ಮಹಡಿಯ ಯಂತ್ರಗಳ ಪಟ್ಟಿಯನ್ನು ಅಕ್ಕನ ಕೈಗಿಟ್ಟು ಹೋಗುತ್ತಾರೆ.

ಎಲ್ಲಾ ಅರ್ಥವಾಯಿತೇ ಎಂದರೆ ಅಕ್ಕ ನಗುತ್ತಾರೆ. "ಅರ್ಧ ಆಗಿದೆ. ಇನ್ನರ್ಧ ಮೇಲಿನ ಮಹಡೀಲಿ ಆಗತ್ತೆ ಬಿಡಿ."