ಕೂಸಿನ ಕೈಗೆ ಬಿಚ್ಚದ ಚಾಕು

ಕಮ್ಮರಡಿಯ ಚೋಮ ಒಂದು ವಿಷಯದಲ್ಲಿ ಮಹಾ ಜಂಬದ ಮನುಷ್ಯ. ಹರಕು ಅಂಗಿ ಹಾಕಿಕೊಂಡು ಮದುವೆಮನೆಗೆ ಹೋಗಲು ಅವನಿಗೆ ನಾಚಿಕೆ ಇರಲಿಲ್ಲ, ಆದರೆ ಇನ್ನೊಬ್ಬರು ಹೋಳು ಮಾಡಿದ ಅಡಿಕೆಯನ್ನು ಮಾತ್ರ ಬಾಯಿಗೆ ಹಾಕುತ್ತಿರಲಿಲ್ಲ. ತೋಟದಿಂದ ತೋಟಕ್ಕೆ ಹೋಗಿ, ಮರ ಹತ್ತಿ ಅಡಿಕೆ ಕೊನೆ ಇಳಿಸುತ್ತಲೇ ಆಯುಷ್ಯ ಕಳೆದವನು. ಸೊಂಟದ ಎಲೆಸಂಚಿಯಲ್ಲಿ ಒಂದು ಮಡಚುವ ಚಾಕು ಸದಾ ಇರುತ್ತಿತ್ತು. ಮರದಿಂದ ಇಳಿದು ಬೆವರು ಒರೆಸಿಕೊಂಡು, ಚಾಕು ಬಿಚ್ಚಿ, ಅಡಿಕೆಯನ್ನು ತೆಳ್ಳಗೆ ಹೆರೆದು ಬಾಯಿಗೆ ಹಾಕಿಕೊಂಡ ಮೇಲೆಯೇ ತೋಟದ ಯಜಮಾನರಿಗೂ ಅವನಿಂದ ಉತ್ತರ ಸಿಗುತ್ತಿದ್ದದ್ದು.

"ನನ್ನ ಅಡಿಕೆ ನಾನೇ ಕೊಯ್ಕಳಕ್ಕೆ ಆಗದ ದಿನ ನನ್ನ ಸುಟ್ಟುಬಿಡಿ," ಎನ್ನುತ್ತಿದ್ದ. ಹೆಂಡತಿ ಶಾಂತಕ್ಕ, "ಅಯ್ಯ, ದೊಡ್ಡ ಜಮೀನ್ದಾರ್ರು ಮಾತಾಡಿದ್ರು," ಎಂದು ಮೂಗು ಮುರಿಯುತ್ತಿದ್ದಳು.

ಹೋದ ವರ್ಷ ಮಳೆ ಬಿಡುವ ಹೊತ್ತಿಗೆ ಚೋಮನಿಗೆ ಲಕ್ವ ಹೊಡೆಯಿತು. ಪುಣ್ಯಕ್ಕೆ ಮರದ ಮೇಲಲ್ಲ, ಬಚ್ಚಲಿನ ಬಾಗಿಲಲ್ಲಿ. ಮಾತು ಸ್ವಲ್ಪ ತೊದಲಿ ಮತ್ತೆ ಸರಿಹೋಯಿತು, ಕಾಲು ಎಳೆದುಕೊಂಡಾದರೂ ನಡೆಯುವಂತಾಯಿತು. ಬಲಗೈ ಮಾತ್ರ ತೋಳಿನಿಂದ ಕೆಳಗೆ ಜೋತುಬಿದ್ದದ್ದು ಮತ್ತೆ ಏಳಲಿಲ್ಲ. ಆಸ್ಪತ್ರೆಗೆ ಓಡುವ ಗಡಿಬಿಡಿಯಲ್ಲಿ ಎಲೆಸಂಚಿ ಚಾಕು ಸಮೇತ ಎಲ್ಲಿ ಬಿತ್ತೋ, ಯಾರಿಗೂ ಗೊತ್ತಿಲ್ಲ.

ಅವನನ್ನು ಯಾರೂ ಸುಡಲಿಲ್ಲ. ಶಾಂತಕ್ಕ ಅಡಿಕೆ ಹೋಳು ಮಾಡಿ ತಟ್ಟೆಯಲ್ಲಿ ಇಡುತ್ತಿದ್ದಳು, ಅವನು ತಲೆ ತಗ್ಗಿಸಿ ತಿನ್ನುತ್ತಿದ್ದ. ಅವಳಿಗೆ ದನದ ಕೆಲಸ, ಒಲೆಯ ಕೆಲಸ; ಒಮ್ಮೊಮ್ಮೆ ಮರೆಯುತ್ತಿದ್ದಳು. ಆಗ ಅವನು ಕೇಳುತ್ತಿರಲಿಲ್ಲ. ಜಗಲಿಯಲ್ಲಿ ಕೂತು ಬರಿಯ ವೀಳ್ಯದೆಲೆಯನ್ನು ಮಡಚುವುದು, ಬಿಡಿಸುವುದು, ಮತ್ತೆ ಮಡಚುವುದು. ಮಗಳು ವಿಜಯಳಿಗೆ ನೋಡಲು ಆಗದೇ ಇದ್ದದ್ದು ಇದೇ.

ವಿಜಯ ಹೆರಿಗೆಗೆಂದು ತವರಿಗೆ ಬಂದವಳು, ಅಪ್ಪ ಹೀಗಾದ ಮೇಲೆ ಅಲ್ಲೇ ಉಳಿದುಬಿಟ್ಟಿದ್ದಳು. ಗಂಡ ಯೋಗೇಂದ್ರ ಎಸ್ಟೇಟಿನ ಲಾರಿ ಓಡಿಸುವವನು, ರಜೆ ಸಿಕ್ಕಾಗ ಬಂದು ಹೋಗುತ್ತಿದ್ದ. ಇವಳು ಬೆಳಿಗ್ಗೆ ಅಡಿಕೆ ಸುಲಿಯಲು ಹೋದರೆ ಸಂಜೆಗೇ ಬರುವುದು. ಅಷ್ಟು ಹೊತ್ತೂ ಅವಳ ಮಗಳು ನಿಶ್ಚಿತಾ ಅಜ್ಜನ ಸುತ್ತಲೇ. ಈಗಷ್ಟೇ ಹೆಜ್ಜೆ ಇಡಲು ಕಲಿತ ಕೂಸು. ಅಜ್ಜನ ಹೊಸ ಎಲೆಸಂಚಿಯನ್ನು ದಿನಕ್ಕೆ ಹತ್ತು ಸಲ ಜಗಲಿಯ ಮೇಲೆ ಸುರಿದು ಕೇಕೆ ಹಾಕುವುದೇ ಅದರ ಉದ್ಯೋಗ.

ಒಂದು ದಿನ ವಿಜಯ ಬೇಗ ಮನೆಗೆ ಬಂದಾಗ ಒಂದು ಸೋಜಿಗ ಕಂಡಳು. ಚೋಮ ಅಡುಗೆಮನೆಯ ಚಾಕು ತಂದುಕೊಂಡು, ನೆನೆಸಿ ಮೆತ್ತಗಾದ ಅಡಿಕೆಯನ್ನು ಜಗಲಿಯ ಹಲಗೆಯ ಬಿರುಕಿನಲ್ಲಿ ಸಿಕ್ಕಿಸಿ, ಎಡಗೈಯಿಂದ ಒತ್ತಿ ಹೋಳು ಮಾಡುತ್ತಿದ್ದ. ಹೋಳುಗಳು ಅಂಕುಡೊಂಕು, ಆದರೆ ಅವನವೇ. ಮುಖದಲ್ಲಿ ಹಳೆಯ ಜಂಬ. ಅಷ್ಟರಲ್ಲಿ ಕೂಸು ಬಂದು ಚಾಕುವಿನ ಅಲಗಿಗೇ ಕೈ ಹಾಕಿತು. ವಿಜಯ ಹಾರಿ ಹಿಡಿದುಕೊಂಡಳು. ಏನೂ ಆಗಲಿಲ್ಲ. ಆದರೆ ಚೋಮ ಚಾಕುವನ್ನು ತಾನೇ ಒಳಗೆ ಇಟ್ಟು ಬಂದ, ಮತ್ತೆ ಮುಟ್ಟಲಿಲ್ಲ.

ಅವತ್ತೇ ವಿಜಯ ತೀರ್ಮಾನಿಸಿದಳು: ಅಪ್ಪನಿಗೆ ಮಡಚುವ ಚಾಕು ಕೊಡಿಸಬೇಕು. ಕೊಯ್ಯುವಾಗ ಬಿಚ್ಚಬೇಕು, ಆದ ಮೇಲೆ ಮಡಚಿ ಸಂಚಿಗೆ ಹಾಕಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಪ್ಪ ಯಾರ ತಟ್ಟೆಗೂ ಕಾಯಬೇಕಿಲ್ಲ.

ಆಯುಧಪೂಜೆಯ ಮುನ್ನಾದಿನ ಬಸ್ಸು ಹತ್ತಿ ಕೊಪ್ಪಕ್ಕೆ ಹೋದಳು. ಗಂಗಾಧರ್ ಎಂಬವರ ಕಬ್ಬಿಣದ ಸಾಮಾನಿನ ಅಂಗಡಿ. ಹಬ್ಬದ ವ್ಯಾಪಾರ, ಕತ್ತಿ, ಹಾರೆ, ಗುದ್ದಲಿಗಳ ನಡುವೆ ಅವರ ತಲೆ ಮಾತ್ರ ಕಾಣುತ್ತಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಥಳಥಳಿಸುವ ಚಾಕುಗಳಿದ್ದವು. ಅವುಗಳ ಬೆಲೆ ಕೇಳಿಯೇ ವಿಜಯ ದೃಷ್ಟಿ ಕೆಳಗಿನ ಸಾಲಿಗೆ ಇಳಿಸಿದಳು.

"ಅಪ್ಪಯ್ಯಂಗೆ ಕಣ್ರೀ, ಅಡಿಕೆ ಕೊಯ್ಯಕ್ಕೆ. ನಮ್ಮ ಕೈಗೆ ಎಟುಕೋ ಹಂಗಿರ್ಲಿ."

ಗಂಗಾಧರ್ ಮೊದಲು ಒಂದು ಚಾಕು ತೆಗೆದರು. ಹೆಬ್ಬೆರಳಿನಿಂದ ನೂಕಿದರೆ ಸಾಕು, ಅಲಗು ಟಕ್ಕನೆ ಹೊರಗೆ. "ಇದು ಈಗಿನ ಮಾದರಿ. ಬೆಲೆನೂ ಜಾಸ್ತಿ ಇಲ್ಲ."

ವಿಜಯ ಒಂದು ಹೆಜ್ಜೆ ಹಿಂದೆ ಸರಿದಳು. "ಅಯ್ಯೋ, ಇದು ಬ್ಯಾಡವೇ ಬ್ಯಾಡ. ಮನೇಲಿ ಸಣ್ಣ ಕೂಸು ಐತೆ, ಅಜ್ಜನ ಸಂಚಿಗೇ ಕೈ ಹಾಕ್ತದೆ. ಕೂಸಿನ ಕೈಗೆ ಬಿಚ್ಚಬಾರ್ದು, ಅಂಥದ್ದು ಕೊಡಿ."

"ಹಂಗಾದ್ರೆ ಹಳೇ ನಮೂನೆದೇ ಸೈ ಬಿಡಮ್ಮ," ಎಂದು ಗಂಗಾಧರ್ ಮರದ ಹಿಡಿಯ ಚಾಕು ಹುಡುಕಿ ತೆಗೆದರು. ಅಲಗಿನ ಗೀರಿಗೆ ಉಗುರು ಕೊಟ್ಟು, ಹಲ್ಲು ಕಚ್ಚಿ ಎಳೆದು ಬಿಚ್ಚಿದರು. "ಒಳಗಿನ ಸ್ಪ್ರಿಂಗ್ ಪಟ್ಟಿ ಭಾರಿ ಬಿಗಿ. ಕೂಸಲ್ಲ, ಅದರಪ್ಪ ಬಂದ್ರೂ ಒದ್ದಾಡ್ಬೇಕು."

ಬಿಚ್ಚಿದ ಚಾಕುವನ್ನು ಅವಳ ಕೈಗೆ ಕೊಡಲಿಲ್ಲ. ಕಬ್ಬಿಣವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಎಂಬುದು ನಮ್ಮ ಕಡೆ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಮೇಜಿನ ಮೇಲೆ ಇಟ್ಟರು, ಅವಳು ಎತ್ತಿಕೊಂಡಳು. ಎತ್ತಿಕೊಂಡದ್ದೂ ಎಡಗೈಯಲ್ಲೇ. ಅಪ್ಪನ ಕೈ ಅದೇ ತಾನೆ! ಹಿಡಿ ಅಂಗೈಗೆ ಕೂರುತ್ತದೆಯೇ, ಬೆವರಿದರೆ ಜಾರುತ್ತದೆಯೇ, ಒತ್ತಲು ಭಾರ ಸಾಕೇ, ಎಲ್ಲವನ್ನೂ ಎಡಗೈಯಲ್ಲೇ ನೋಡಿದಳು. ಬ್ಯಾಗಿನಿಂದ ಒಂದು ಅಡಿಕೆ ತೆಗೆದು, ಮೇಜಿನ ಸಂದಿನಲ್ಲಿ ಸಿಕ್ಕಿಸಿ, ಎಡಗೈಯಲ್ಲೇ ಕೊಯ್ದಳು. ಗಂಗಾಧರ್ ನಕ್ಕರು. ಅವಳು ಚಾಕುವನ್ನು ಮತ್ತೆ ಮೇಜಿನ ಮೇಲಿಟ್ಟಳು, ಅವರು ಮಡಚಿ ಕಾಗದ ಸುತ್ತಿದರು. ಹೆಣ್ಣು ನೋಡಲು ಹೋದವರೂ ಇಷ್ಟು ಪರೀಕ್ಷೆ ಮಾಡುವುದಿಲ್ಲ. ಇಷ್ಟೆಲ್ಲ ಮಾಡಿದವಳಿಗೆ, ಪಾಪ, ಮಾಡದೆ ಬಿಟ್ಟದ್ದು ಏನೆಂದು ಹೊಳೆಯಲೇ ಇಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮನೆ ತಲುಪುವವರೆಗೂ ಒಬ್ಬಳೇ ನಗುತ್ತಿದ್ದಳು.

ಮಾರನೆಯ ದಿನ ಪೂಜೆ. ಕತ್ತಿ, ಗುದ್ದಲಿಗಳ ಪಕ್ಕದಲ್ಲಿ ಹೊಸ ಚಾಕುವಿಗೂ ಕುಂಕುಮ, ಹೂವು. ಪೂಜೆಗೆ ಇಟ್ಟ ಆಯುಧವನ್ನು ಅವತ್ತು ಆ ಮನೆಯಲ್ಲಿ ಮುಟ್ಟುವ ಹಾಗಿಲ್ಲ. ಚೋಮ ದೂರದಲ್ಲೇ ಕೂತು ಅದನ್ನು ನೋಡುತ್ತಿದ್ದ. "ಮರದ ಹಿಡಿ. ಒಳ್ಳೇದೇ ತಂದೀಯ," ಎಂದ. ಆ ಸಂಜೆ ತಟ್ಟೆಯ ಹೋಳು ಮುಟ್ಟಲಿಲ್ಲ, ಅಡಿಕೆ ನೀರಿಗೆ ಹಾಕಿಸಿಟ್ಟ.

ವಿಜಯದಶಮಿಯ ಬೆಳಿಗ್ಗೆ ವಿಜಯ ಚಾಕು ತಂದು ಅವನ ಮುಂದೆ ಹಲಗೆಯ ಮೇಲೆ ಇಟ್ಟಳು. ಅವನು ಎಡಗೈಯಲ್ಲಿ ಎತ್ತಿಕೊಂಡ. ಕುಂಕುಮ ಒರೆಸಿದ. ಹೆಬ್ಬೆರಳಿನ ಉಗುರನ್ನು ಅಲಗಿನ ಗೀರಿಗೆ ಕೊಟ್ಟ. ಉಗುರು ಜಾರಿತು. ಇನ್ನೊಮ್ಮೆ ಕೊಟ್ಟ.

ವಿಜಯಳಿಗೆ ಆಗ ಹೊಳೆಯಿತು. ಚಾಕು ಬಿಚ್ಚಲು ಎರಡು ಕೈ ಬೇಕು. ಅಂಗಡಿಯಲ್ಲಿ ಅದು ಬಿಚ್ಚಿಕೊಂಡೇ ಅವಳ ಮುಂದೆ ಬಂದಿತ್ತು.

ಚೋಮ ಹಿಡಿಯನ್ನು ಮೊಣಕಾಲುಗಳ ನಡುವೆ ಇರುಕಿ ಎಳೆದ. ಚಾಕು ಇಡಿಯಾಗಿ ಹೊರಗೆ ಬಂತು, ಅಲಗು ಅಲ್ಲಾಡಲಿಲ್ಲ. ಹಲಗೆಯ ಬಿರುಕಿಗೆ ಸಿಕ್ಕಿಸಿ ನೋಡಿದ. ಕೊನೆಗೆ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದ. ಕುತ್ತಿಗೆಯ ನರಗಳು ಉಬ್ಬಿದವು. ಗಲ್ಲದಿಂದ ಜೊಲ್ಲು ಇಳಿಯಿತು. ಅಜ್ಜ ಆಟ ಆಡುತ್ತಿದ್ದಾನೆಂದು ಕೂಸು ಚಪ್ಪಾಳೆ ತಟ್ಟಿತು.

"ಕೊಡಪ್ಪಯ್ಯ, ನಾನು ಬಿಚ್ಚಿ ಕೊಡ್ತೀನಿ," ಎಂದಳು ವಿಜಯ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಅವನು ಬಾಯಿಂದ ಚಾಕು ತೆಗೆದು ಪಂಚೆಗೆ ಒರೆಸಿದ. "ಹೊಸತು ಅಲ್ವನಾ, ಬಿಗಿ ಇರ್ತದೆ. ನಾಕು ದಿನ ಹೋದ್ರೆ ಸಡಿಲ ಆಗ್ತದೆ. ನೀನು ಕೆಲಸಕ್ಕೆ ಹೊರಡು."

ಬಿಚ್ಚದೆ ಅದು ಸಡಿಲವಾಗುವುದು ಹೇಗೆ? ಅಡಿಕೆ ಸುಲಿಯುತ್ತಾ ಅವಳು ಯೋಚಿಸಿದ್ದೇ ಯೋಚಿಸಿದ್ದು. ಎಣ್ಣೆ ಬಿಟ್ಟು ತಾನೇ ಸಡಿಲ ಮಾಡಿಕೊಟ್ಟರೆ ಕೂಸೂ ಬಿಚ್ಚುತ್ತದೆ. ಬಿಚ್ಚಿಯೇ ಇಟ್ಟರೆ ಕೂಸಿನ ಬೆರಳು. ಹೆಬ್ಬೆರಳಲ್ಲಿ ನೂಕುವ ಚಾಕುವನ್ನು ಕೂಸಿಗೆ ಹೆದರಿ ತಾನೇ ಬೇಡವೆಂದಿದ್ದಳು, ಈಗ ಬೇಕೆಂದರೂ ಹೆದರಿಕೆ ಅದೇ. ಕೂಸನ್ನು ಬೇರೆಲ್ಲಿ ಬಿಡುವುದು? ಅತ್ತ ದರಿ, ಇತ್ತ ಪುಲಿ. ಅಪ್ಪನ ಕೈ ಬಿದ್ದದ್ದು ದೇವರು ಮಾಡಿದ ಕೆಲಸ. ಬಿದ್ದಿದೆ ಎಂದು ಅವನಿಗೇ ಮತ್ತೊಮ್ಮೆ ತೋರಿಸಿಕೊಟ್ಟದ್ದು ತಾನು. ಅಳು ಬಂತು. ಪಕ್ಕದವಳು ಕೇಳಿದ್ದಕ್ಕೆ ಕಣ್ಣಿಗೆ ಸಿಪ್ಪೆ ಹಾರಿತು ಎಂದಳು.

ಸಂಜೆ ಮನೆಗೆ ಬಂದಾಗ ಜಗಲಿಯಲ್ಲಿ ಅಣ್ಣಯ್ಯ ಕೂತಿದ್ದ. ಚೋಮನ ಜೊತೆ ಕೊನೆ ಇಳಿಸುತ್ತಿದ್ದ ಹಳೆಯ ಜೊತೆಗಾರ. ವಿಜಯ ಹಿಂದಿನ ಬಾಗಿಲಿನಿಂದ ಒಳಗೆ ಬಂದಳು. ಶಾಂತಕ್ಕ ಅಡಿಕೆ ಹೋಳು ಮಾಡುತ್ತಿದ್ದಳು. ಮಗಳ ಮುಖ ನೋಡಿ ತಟ್ಟೆಯನ್ನು ಮುಂದೆ ಸರಿಸಿದಳು. ವಿಜಯ ತಟ್ಟೆ ಹಿಡಿದು ಜಗಲಿಯ ಬಾಗಿಲಿಗೆ ಬಂದಳು.

"ಮಗಳು ಚಾಕು ತಂದಾಳಂತೆ? ತೋರ್ಸು ಮಾರಾಯ," ಎನ್ನುತ್ತಿದ್ದ ಅಣ್ಣಯ್ಯ.

ಚೋಮ ಸಂಚಿಯಿಂದ ಚಾಕು ತೆಗೆದು ಹಲಗೆಯ ಮೇಲೆ ಇಟ್ಟ. ಅಣ್ಣಯ್ಯ ಎತ್ತಿಕೊಂಡು ಹಿಡಿ ಸವರಿದ, ಉಗುರಿನಿಂದ ಗೀರು ಹುಡುಕಿದ.

"ಬಿಚ್ಚಬ್ಯಾಡ ಮಾರಾಯ, ಕೂಸು ಓಡಾಡ್ತದೆ," ಎಂದು ಚೋಮ ಎಡಗೈ ಚಾಚಿ ಚಾಕುವನ್ನು ಅವನ ಕೈಯಿಂದಲೇ ಕಿತ್ತುಕೊಂಡ. "ಸಿಕ್ಕಾಪಟ್ಟೆ ಹರಿತ. ಬೆಳಿಗ್ಗೆಯಿಂದ ಕೊಯ್ದಿದ್ದೇ ಕೊಯ್ದಿದ್ದು. ಬೆಣ್ಣೆ ಕೊಯ್ದಂಗೆ ಕೊಯ್ತದೆ. ನಮ್ಮ ವಿಜಯ ಆರ್ಸೋದ್ರಲ್ಲಿ ಜಾಣೆ."

ಹೋಳಿನ ತಟ್ಟೆ ಹಿಡಿದು ನಿಂತಿದ್ದ ಮಗಳನ್ನು ಅವನು ಆಗ ನೋಡಿದ. ಅವಳು ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದಳು.