ಪೈಲ್ವಾನನ ಸಿನಿಮಾದಲ್ಲಿ ನಮ್ಮ ಕಾಕು

ನಮ್ಮ ಕಾಕಾ ಕುಸ್ತಿ ಪೈಲ್ವಾನ. ಭುಜಕ್ಕೆ ಪೆಟ್ಟು ಬಿದ್ದು ಅಖಾಡ ಬಿಟ್ಟ ಮೇಲೆ ಕುಡಿತ ಹಿಡಿದವನು. ಅದನ್ನು ಬಿಟ್ಟೂ ಈಗ ಬಹಳ ವರ್ಷಗಳಾದವು. ಅವನ ಮೇಲೆ ಸಾಕ್ಷ್ಯಚಿತ್ರ ಮಾಡುತ್ತೇನೆಂದು ಮುಂಬೈಯಿಂದ ಒಬ್ಬ ನಿರ್ದೇಶಕಿ, ಕ್ಯಾಮೆರಾದವನನ್ನು ಕರೆದುಕೊಂಡು ಬೆಂಗೇರಿಯ ನಮ್ಮ ಮನೆಗೆ ಬಂದಳು. ಆಕೆಗೆ ಕನ್ನಡ ಬಾರದು, ಕಾಕಾನ ಹೆಂಡತಿ, ನಮ್ಮ ಕಾಕುಗೆ ಹಿಂದಿ ಬಾರದು. ನಡುವೆ ಸಿಕ್ಕಿಕೊಂಡವಳು ನಾನು. ನಾನು ಕಲಿಸುವ ಶಾಲೆಗೆ ಆಗ ರಜೆ. ನನ್ನ ಬಾಯಿಗೆ ಮಾತ್ರ ಎಂದೂ ರಜೆ ಇಲ್ಲ.

ನಿರ್ದೇಶಕಿ ಒಳ್ಳೆಯ ಹೆಣ್ಣುಮಗಳೇ. ನಮ್ಮ ಮಿರ್ಚಿ ಭಜಿ ತಿಂದು ಕಣ್ಣೀರು ಸುರಿಸುತ್ತಲೇ ಇನ್ನೊಂದಕ್ಕೆ ಕೈ ಚಾಚಿದವಳನ್ನು ಬೈಯಲು ಮನಸ್ಸು ಬರುವುದಿಲ್ಲ. ಆದರೆ ಆಕೆಗೊಂದು ಹಟ: ಚಿತ್ರದಲ್ಲಿ ಎಲ್ಲ ಬಗೆಯ ಜನ ಇರಬೇಕು, ಇದ್ದಾರೆಂದು ನೋಡುವವರಿಗೆ ಗೊತ್ತಾಗಲೂ ಬೇಕು. ಕಾಕಾನಿಗೆ ಕುಸ್ತಿ ಕಲಿಸಿದ ಉಸ್ತಾದರು ಮುಸಲ್ಮಾನರು. ಅವರು ಎಂದಿನಂತೆ ಧೋತರ ಉಟ್ಟು, ರುಮಾಲು ಸುತ್ತಿಕೊಂಡು ಬಂದು ಕೂತಾಗ ಆಕೆಯ ಮುಖ ಸಣ್ಣದಾಯಿತು. ಟೊಪ್ಪಿಗೆ ಹಾಕಿಕೊಳ್ಳಬಹುದೇ ಎಂದು ಕೇಳಿದಳು. ಚೆನ್ನಾಗಿ ಉರ್ದು ಬಲ್ಲ ಉಸ್ತಾದರು ಬೇಕೆಂದೇ ನನ್ನ ಕಡೆ ತಿರುಗಿದರು.

"ಟೊಪಗಿ ನಮಾಜಿಗೆ ಐತವಾ. ಕುಸ್ತಿಗೆ ರುಮಾಲ. ಹೇಳು ಆಕಿಗೆ."

ನಾನು ಬಹಳ ಖುಷಿಯಿಂದ ಹೇಳಿದೆ.

ಆಮೇಲೆ ಮಣ್ಣಿನ ಪ್ರಸಂಗ. ಕುಡಿದವರು ಗರಡಿಮನೆಯ ಕೆಂಪು ಮಣ್ಣನ್ನು ಮೆಟ್ಟುವುದಿಲ್ಲ. ಕಾಕಾ ಕುಡಿದು ಬಂದು ಮನೆಯಲ್ಲಿ ಗದ್ದಲ ಮಾಡುತ್ತಿದ್ದ ದಿನಗಳಲ್ಲಿ ಅವನಿಗೆ ಯಾರ ಭಯವೂ ಇರಲಿಲ್ಲ, ಆ ಮಣ್ಣಿನ ಭಯವೊಂದನ್ನು ಬಿಟ್ಟು. ಕಾಕು ಉಸ್ತಾದರನ್ನು ಕೇಳಿ ಒಂದು ಬುಟ್ಟಿ ಮಣ್ಣು ತರಿಸಿ ಹೊಸ್ತಿಲ ಉದ್ದಕ್ಕೂ ಹರಡಿಬಿಟ್ಟಳು. ಹಿತ್ತಿಲ ಬಾಗಿಲಿಗೂ ಒಂದಿಷ್ಟು. ಕಾಕಾ ಬಂದ, ನೋಡಿದ, ಮಣ್ಣಿಗೆ ಕೈಮುಗಿದು ಹೊರಗಿನ ಕಟ್ಟೆಯ ಮೇಲೆ ಕೂತ. ಕುಡಿದ ದಿನವೆಲ್ಲ ಅವನ ಊಟ, ನಿದ್ದೆ ಅಲ್ಲಿಯೇ. ಪಕ್ಕದ ಮನೆಯ ಕೋಳಿಗಳು ಮಣ್ಣು ಕೆದರುತ್ತಿದ್ದವು, ಕಾಕು ಬೈಯುತ್ತ ಮತ್ತೆ ಸರಿಮಾಡುತ್ತಿದ್ದಳು. ಕೊನೆಗೆ ಕಟ್ಟೆ ಸಾಕಾಗಿ ಕಾಕಾ ದವಾಖಾನೆಗೆ ಬರಲು ಒಪ್ಪಿದ. ಒಂದೇ ಸಲಕ್ಕೆ ಗುಣವಾಗಲಿಲ್ಲ, ಆದರೆ ಆಯಿತು.

ನಿರ್ದೇಶಕಿಗೆ ಇದನ್ನು ಮತ್ತೆ ಮಾಡಿಸಿ ತೆಗೆಯುವ ಆಸೆ. ಬಾಟಲಿಗೆ ಹಾಲಿಲ್ಲದ ಚಹಾ ತುಂಬಿಸಿದಳು, ಹೊಸ್ತಿಲಿಗೆ ಮಣ್ಣು ಹಾಕಿಸಿದಳು. ಕಾಕಾ ಕುಡಿದು ತೂರಾಡುತ್ತ ಬಂದು, ಮಣ್ಣಿನ ಮೇಲೆ ಕಾಲು ಎತ್ತಿ ಇಟ್ಟು, ಹೆದರಿ ಹಿಂದೆ ಸರಿಯಬೇಕು. ಅವನು ಒಂದು ಗುಟುಕು ಕುಡಿದು ಮಣ್ಣಿನ ಮುಂದೆ ಕಂಬದಂತೆ ನಿಂತ.

"ಚಹಾ ಅನ್ನೋದು ನಿಮಗ ಗೊತ್ತೈತ್ರಿ. ಮಣ್ಣಿಗೆ ಹೆಂಗ ಗೊತ್ತಾಗಬೇಕು?"

ಎಷ್ಟು ಹೇಳಿದರೂ ಕೇಳಲಿಲ್ಲ. ಕಟ್ಟೆಯ ಮೇಲೆ ಕೂತು ಉಳಿದ ಚಹಾ ಮುಗಿಸಿದ. ಕ್ಯಾಮೆರಾದವನೂ ತನಗೊಂದು ಕಪ್ಪು ತರಿಸಿಕೊಂಡ.

ಮಧ್ಯಾಹ್ನ ಕಾಕುವಿನ ಸರದಿ. ಅವಳು ಹಸಿರು ಇಳಕಲ್ ಸೀರೆ ಉಟ್ಟು, ತುರುಬಿಗೆ ಮಲ್ಲಿಗೆ ಮುಡಿದು, ಮದುವೆ ಮನೆಗೆ ಹೊರಟವಳಂತೆ ಬಂದಳು. ನಿರ್ದೇಶಕಿ ಹಗ್ಗದ ಮೇಲೆ ಒಣಗುತ್ತಿದ್ದ ಮಾಸಿದ ಸೀರೆಯನ್ನು ತೋರಿಸಿದಳು. ಅದನ್ನು ಉಟ್ಟು, ಹೂವು ತೆಗೆದು, ಅಡುಗೆಮನೆಯ ಕತ್ತಲೆಯಲ್ಲಿ ಕೂತರೆ ಹೆಣ್ಣಿನ ಸಂಕಟ ಎದ್ದು ಕಾಣುತ್ತದಂತೆ. ನನಗೆ ತಲೆ ಕೆಟ್ಟಿತು. ಇದನ್ನು ನಾನು ಕನ್ನಡದಲ್ಲಿ ಹೇಳುವುದೇ ಇಲ್ಲ ಎಂದುಬಿಟ್ಟೆ. ಆದರೆ ಬೆರಳು ತೋರಿಸಿದ್ದು ಕಾಕುಗೆ ಅರ್ಥವಾಗಿತ್ತು.

"ಹೇಳು ಆಕಿಗೆ. ಆ ಸೀರ್ಯಾಗ ನನ್ನ ಇಡೀ ಓಣಿ ನೋಡೈತಿ, ಅಯ್ಯೋ ಪಾಪ ಅಂದೈತಿ. ಸಿನಿಮಾದಾಗೂ ಅಯ್ಯೋ ಪಾಪ ಅನಿಸ್ಕೊಳ್ಳೋದಾದ್ರ ನಾ ಬರೂದಿಲ್ಲ."

ಇದನ್ನು ಮಾತ್ರ ಒಂದಕ್ಷರ ಬಿಡದೆ ಹೇಳಿದೆ. ನಿರ್ದೇಶಕಿ ತಾನೇ ಎದ್ದು, ಪಡಸಾಲೆಯ ಬೆಳಕಿಗೆ ಕುರ್ಚಿ ಹಾಕಿ, ಕಾಕುವಿನ ಜಾರಿದ ಮಲ್ಲಿಗೆಯನ್ನು ಸರಿಮಾಡಿದಳು. ಆ ಹೊತ್ತಿಗೆ ಆಕೆಯ ಮೇಲಿದ್ದ ಸಿಟ್ಟೆಲ್ಲ ನನಗೆ ಇಳಿದುಹೋಯಿತು.

ಕಾಕು ಎಲ್ಲ ಹೇಳಿದಳು. ಕೋಳಿಗಳ ಕತೆಯನ್ನಂತೂ ಬಿದ್ದು ಬಿದ್ದು ನಗುತ್ತ ಹೇಳಿದಳು. ಕೊನೆಗೆ ನಿರ್ದೇಶಕಿ, ಆ ದಿನಗಳಲ್ಲಿ ನೀವು ಹೇಗಿದ್ದಿರಿ ಎಂದು ಕೇಳಿದಳು. ನಾನು ಕನ್ನಡದಲ್ಲಿ ಹೇಳುತ್ತಿದ್ದಂತೆ ಕಾಕುವಿನ ನಗು ನಿಂತಿತು.

"ಬೀಗರು, ಓಣಿ ಮಂದಿ, ಡಾಕ್ಟರು, ಎಲ್ಲಾರೂ ಪೈಲ್ವಾನ್ರು ಹೆಂಗ ಅದಾರ ಅಂತ ನನ್ನ ಕೇಳ್ತಿದ್ರು. ನೀ ಹೆಂಗ ಅದೀ ಅಂತ ಯಾರೂ ಕೇಳಲಿಲ್ಲ ನೋಡವಾ. ಇವರೂ ಕೇಳಿಲ್ಲ, ಇವತ್ತಿನ ತನಕ."

ಕಾಕಾ ಕ್ಯಾಮೆರಾದ ಹಿಂದೆ ನಿಂತಿದ್ದ. ಉಸಿರೆತ್ತಕೂಡದೆಂದು ತಾಕೀತು ಮಾಡಿಯೇ ಅವನನ್ನು ನಿಲ್ಲಿಸಿದ್ದರು.

"ಹೆಂಗ ಅದೀ?" ಎಂದ.

ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. "ಛಲೋ ಅದೀನ್ರಿ. ಭಾಳ ಲಗೂ ಕೇಳಿದ್ರಿ, ಇಷ್ಟು ವರ್ಷಕ್ಕ."

ಸಿನಿಮಾ ಮುಗಿಯುವುದು ಅಲ್ಲಿಗೇ. ಪರದೆಯ ತುಂಬ ಕಾಕು ಇದ್ದಾಳೆ. ಪೈಲ್ವಾನ ಕಾಣುವುದಿಲ್ಲ, ಅವನು ಕೇಳಿದ್ದು ಮಾತ್ರ ಕೇಳಿಸುತ್ತದೆ.