ಧಾರವಾಡದಲ್ಲಿ ಚೈನ್‌ಪ್ಲೇಟ್

ಹಾಯಿದೋಣಿಯ ಚೈನ್‌ಪ್ಲೇಟು ಹೊರಗಿರಬೇಕೋ ಒಳಗಿರಬೇಕೋ ಎಂದು ಯಾರಾದರೂ ಕೇಳಿದರೆ ನಾನು ಒಂದು ತಾಸು ನಿರರ್ಗಳವಾಗಿ ಮಾತಾಡಬಲ್ಲೆ. ತೊಂದರೆ ಏನೆಂದರೆ, ಧಾರವಾಡದಲ್ಲಿ ಯಾರೂ ಕೇಳುವುದಿಲ್ಲ. ಇಲ್ಲಿ ಮುದುಕಿಯರನ್ನು ಮೊಣಕಾಲಿನ ಬಗ್ಗೆ ಕೇಳುತ್ತಾರೆ, ಉಪ್ಪಿನಕಾಯಿಯ ಬಗ್ಗೆ ಕೇಳುತ್ತಾರೆ. ನನ್ನ ಮೊಣಕಾಲುಗಳು ಗಟ್ಟಿಯಾಗಿವೆ, ಉಪ್ಪಿನಕಾಯಿ ನನಗೆ ಬರುವುದಿಲ್ಲ. ಹೀಗಾಗಿ ನನ್ನ ಸೋಷಿಯಲ್ ಲೈಫ್ ಸ್ವಲ್ಪ ಕಷ್ಟದ್ದು.

ಈ ವಿದ್ಯೆ ನನಗೆ ಬಂದದ್ದು ನಮ್ಮವರಿಂದ. ಅವರು ನೀರಾವರಿ ಇಂಜಿನಿಯರ್. ಇಡೀ ಸರ್ವಿಸ್ ನೀರನ್ನು ಕಟ್ಟಿ ನಿಲ್ಲಿಸಿದ ಮನುಷ್ಯನಿಗೆ ರಿಟೈರ್ ಆದಮೇಲೆ ನೀರಿನ ಮೇಲೆ ತೇಲುವ ಆಸೆ ಹುಟ್ಟಿದ್ದು ಒಂದು ಬಗೆಯ ಪ್ರಾಯಶ್ಚಿತ್ತವೇ ಇರಬೇಕು. ತೊಂಬತ್ತರ ದಶಕದ ಶುರುವಿನಲ್ಲಿ ಒಂದು ದಿನ ಗೋವಾದಿಂದ ಲಾರಿಯ ಮೇಲೆ ದೋಣಿಯೊಂದರ ಬರಿಯ ಒಡಲು ಬಂದು, ಗೇಟು ಕೀಳಿಸಿ, ನಮ್ಮ ಹಿತ್ತಿಲಿನ ಪೇರಲ ಗಿಡದ ಪಕ್ಕದಲ್ಲಿ ಕಟ್ಟಿಗೆಯ ಆಸರೆಯ ಮೇಲೆ ಕೂತಿತು. ಓಣಿಯ ಜನವೆಲ್ಲ ನೋಡಲು ಬಂದರು. ಹಾಲಿನ ಈರಪ್ಪನಂತೂ ಕ್ಯಾನು ಇಳಿಸಿ ಒಂದು ಸುತ್ತು ಹಾಕಿ ಬಂದು, "ರಾಯರ, ಕೆಲಗೇರಿ ಕೆರಿಗೆ ಇಷ್ಟ ದೊಡ್ಡದ್ಯಾಕ್ರಿ? ತಿರುಗಸಾಕ ಜಾಗಾ ಸಾಲಂಗಿಲ್ಲ!" ಎಂದ. ನಮ್ಮವರು ನಕ್ಕರು. ಅವರಿಗೆ ಬೇಕಾಗಿದ್ದುದು ಕಾರವಾರದ ಸಮುದ್ರ.

ಚೈನ್‌ಪ್ಲೇಟ್ ಎಂದರೆ ಭಾರಿ ಸಂಗತಿಯೇನಲ್ಲ. ಹಾಯಿ ಕಟ್ಟುವ ಕಂಬ ಗಾಳಿಗೆ ಬೀಳದಂತೆ ಎರಡೂ ಕಡೆಯಿಂದ ತಂತಿಹಗ್ಗಗಳು ಅದನ್ನು ಜಗ್ಗಿ ಹಿಡಿದಿರುತ್ತವೆ. ಆ ಹಗ್ಗಗಳ ಕೆಳತುದಿಯನ್ನು ದೋಣಿಯ ಒಡಲಿಗೆ ಸಿಕ್ಕಿಸುವ ಎರಡು ಬೆರಳಗಲದ ಸ್ಟೀಲ್ ಪಟ್ಟಿಯೇ ಚೈನ್‌ಪ್ಲೇಟು. ಅದನ್ನು ಒಡಲಿನ ಹೊರಮೈಗೆ ಎಲ್ಲರಿಗೂ ಕಾಣುವಂತೆ ಬೋಲ್ಟ್ ಮಾಡಬಹುದು. ಇಲ್ಲವೇ ಮೇಲಿನ ಅಟ್ಟಕ್ಕೆ, ಅಂದರೆ ಡೆಕ್ಕಿಗೆ, ಸೀಳು ಕೊರೆದು ಒಳಗೆ ಇಳಿಸಿ ಮುಚ್ಚಿಬಿಡಬಹುದು. ಇಷ್ಟೇ. ಇಷ್ಟರ ಮೇಲೆ ನಾವಿಬ್ಬರೂ ಎಷ್ಟೋ ಸಂಜೆ ಜಗಳಾಡಿದ್ದೇವೆ. ಮಕ್ಕಳಿಲ್ಲದ ಮನೆಯಲ್ಲಿ ಜಗಳಕ್ಕೆ ಏನಾದರೊಂದು ಬೇಕಲ್ಲ!

ಅವರದು ಒಳಗಿನ ಪಕ್ಷ. "ಹೊರಗ ಬೋಲ್ಟ್ ಕಂಡ್ರ ಅದು ದೋಣಿ ಅಲ್ಲ ಮಾಲತಿ, ಟಾಂಗಾ!" ಎನ್ನುತ್ತಿದ್ದರು. ಅವರ ವಾದದಲ್ಲಿ ಬರೀ ಅಂದ ಇರಲಿಲ್ಲ, ಹುರುಳೂ ಇತ್ತು. ಪಟ್ಟಿ ಹೊರಗಿದ್ದರೆ ತಂತಿಹಗ್ಗ ಅಗಲಕ್ಕೆ ನಿಲ್ಲುತ್ತದೆ, ಮುಂದಿನ ಹಾಯಿಯನ್ನು ಒಳಕ್ಕೆ ಬಿಗಿಯಾಗಿ ಎಳೆಯಲು ಅಡ್ಡ ಬರುತ್ತದೆ, ಎದುರುಗಾಳಿಗೆ ದೋಣಿ ಅಷ್ಟು ಚೂಪಾಗಿ ಸಾಗದು. ಬೋಲ್ಟಿನ ಬುಡದಿಂದ ತುಕ್ಕಿನ ನೀರು ಇಳಿದು ಬಿಳಿಯ ಮೈಮೇಲೆ ಕಂದು ಗೆರೆ ಮೂಡುತ್ತದೆ. ಇಂಗ್ಲೆಂಡಿನಿಂದ ಬರುತ್ತಿದ್ದ ಮ್ಯಾಗಝೀನುಗಳನ್ನು ಕಣ್ಣಿಗೆ ಪೊರೆ ಬಂದಿದ್ದ ಅವರಿಗಾಗಿ ಗಟ್ಟಿಯಾಗಿ ಓದುವ ಕೆಲಸ ನನ್ನದು. ಕಾನ್ವೆಂಟಿನ ಪ್ರೊನನ್ಸಿಯೇಷನ್ ಕೊನೆಗೂ ಒಂದು ಉಪಯೋಗಕ್ಕೆ ಬಂತು. ಓದುತ್ತ ಓದುತ್ತ ನಾನು ಹೊರಗಿನ ಪಕ್ಷಕ್ಕೆ ಸೇರಿಬಿಟ್ಟೆ. ಡೆಕ್ಕಿಗೆ ಸೀಳಿಲ್ಲದಿದ್ದರೆ ಸೋರುವುದಿಲ್ಲ. ಒಳಗೆ ಮಲಗುವವರ ಹಾಸಿಗೆ ಒಣಗಿರುತ್ತದೆ. ಬಿರುಕು ಬಿಟ್ಟರೆ ಕಣ್ಣಿಗೆ ಕಾಣುತ್ತದೆ, ಒಂದು ಪಾನಾ ಇದ್ದರೆ ಬಿಚ್ಚಿ ಹೊಸದು ಹಾಕಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಸ್ಟೇನ್‌ಲೆಸ್ ಸ್ಟೀಲಿಗೆ ಉಸಿರಾಡಲು ಗಾಳಿ ಬೇಕಂತೆ. ತೇವವಿದ್ದು ಗಾಳಿ ಆಡದ ಇಕ್ಕಟ್ಟಿನಲ್ಲಿ ಮುಚ್ಚಿಟ್ಟರೆ ಮೇಲೆ ಫಳಫಳ ಹೊಳೆಯುತ್ತಲೇ ಒಳಗೊಳಗೇ ತಿಂದುಹೋಗುತ್ತದೆ.

ಇದನ್ನು ಓದಿದ ದಿನ ನನಗೆ ಹುಬ್ಬಳ್ಳಿಯ ಕಾನ್ವೆಂಟಿನ ಹೊಲಿಗೆ ಕ್ಲಾಸು ನೆನಪಾಗಿತ್ತು. ನಮ್ಮ ಸಿಸ್ಟರ್ ಹೂವನ್ನು ನೋಡುತ್ತಲೇ ಇರಲಿಲ್ಲ, ಬಟ್ಟೆಯನ್ನು ತಿರುಗಿಸಿ ಹಿಂಬದಿಯ ಗಂಟುಗಳನ್ನು ನೋಡಿ ಮಾರ್ಕ್ಸ್ ಕೊಡುತ್ತಿದ್ದರು. ನಮ್ಮ ಅಜ್ಜಿಯ ಕಸೂತಿಯಲ್ಲಿ ಗಂಟೇ ಇರುತ್ತಿರಲಿಲ್ಲ. ಗವಂತಿ ಹೊಲಿಗೆಯಲ್ಲಿ ಗೋಪುರ ತೆಗೆದರೆ ಆ ಬದಿಗೂ ಈ ಬದಿಗೂ ಅದೇ ಗೋಪುರ. ಒಮ್ಮೆ ಕ್ಲಾಸಿಗೆ ಒಯ್ದಾಗ ಅದನ್ನು ಕಂಡು ಸಿಸ್ಟರ್ ಬೆರಗಾಗಿದ್ದರು. ಆದರೆ ಅದೇ ಸಿಸ್ಟರ್ ಹುಡುಗಿಯರಿಗೆ ಕಲಿಸಿದ್ದು ಮಾತ್ರ ಬೇರೆ: ಚಿನ್ ಅಪ್, ಗರ್ಲ್ಸ್, ಗಲ್ಲ ಮೇಲಿರಲಿ, ಅಳುವುದಿದ್ದರೆ ಕರ್ಚೀಫಿನೊಳಗೆ ಅಳಿ. ನಾನು ಒಳ್ಳೆಯ ಸ್ಟೂಡೆಂಟ್. ಎರಡನೆಯದನ್ನು ಚೆನ್ನಾಗಿ ಕಲಿತೆ.

ನಮ್ಮವರು ಕಾನ್ವೆಂಟಿಗೆ ಹೋಗದೆಯೇ ಅದನ್ನು ಕಲಿತಿದ್ದರು. ದೋಣಿಯ ಮೇಲೆ ಹತ್ತಿ ಇಳಿದು ಎದೆ ಹಿಡಿದುಕೊಂಡು ಕೂತಾಗ ಕೇಳಿದರೆ, "ಛಲೋ ಅದೀನಿ, ಗ್ಯಾಸು. ಒಂದಿಷ್ಟು ಜೀರಗಿ ನೀರು ಕೊಡು" ಎನ್ನುತ್ತಿದ್ದರು. ನಾನು ಜೀರಿಗೆ ನೀರು ಕೊಟ್ಟೆ, ಕೊಡುತ್ತಲೇ ಇದ್ದೆ. ಆಮೇಲೆ ಡಾಕ್ಟರು ಹೇಳಿದರು, ಇದು ಬಹಳ ದಿನದ್ದು ಎಂದು.

ಅವರು ಹೋದಮೇಲೆ ದೋಣಿ ಮತ್ತು ನಾನು ಉಳಿದೆವು. ಕಾಂಪೌಂಡಿನ ಆಚೆ ಶಾಂತಕ್ಕ ಇದ್ದರು, ರಿಟೈರ್ ಆದ ಸಂಗೀತದ ಟೀಚರು, ಒಂಟಿ ಜೀವ. ದಿನಾ ಮಧ್ಯಾಹ್ನ ಒಣಹಾಕಿದ ಅರಿವೆ ತೆಗೆಯಲು ಬಂದಾಗ ಗೋಡೆಯ ಮೇಲಿಂದ, "ಊಟ ಆತೇನ್ರಿ, ಮಾಲತಿಬಾಯಿ?" ಎನ್ನುವರು. "ಆತ್ರಿ, ನಿಮ್ದು?" "ನಮ್ದೂ ಆತ್ರಿ." ನಮ್ಮ ಕಡೆ ಈ ಪ್ರಶ್ನೆಗೆ ಬೇರೆ ಉತ್ತರವೇ ಇಲ್ಲ. ನನ್ನ ಒಲೆಯ ಮೇಲೆ ಬೆಳಗಿನ ಚಹಾದ ಪಾತ್ರೆಯಷ್ಟೇ ಇರುತ್ತಿತ್ತು. ಒಬ್ಬಳಿಗಾಗಿ ಯಾರು ಸಾರು ಕುದಿಸುತ್ತಾರೆ? ಬ್ರೆಡ್ಡು ತಿಂದು, ಗಲ್ಲ ಮೇಲೆತ್ತಿ, "ಆತ್ರಿ" ಎನ್ನುತ್ತಿದ್ದೆ.

ಒಂದು ದಿನ ಕಾರವಾರದಿಂದ ನಮ್ಮವರ ಗೆಳೆಯ ನಾಯಕರು ಬಂದರು. ಬಂದರಿನಲ್ಲಿ ಕೆಲಸ ಮಾಡಿದವರು. ದೋಣಿಯನ್ನು ತಾವು ಒಯ್ದು ನೀರಿಗಿಳಿಸುವುದಾಗಿ ಹೇಳಿದರು. ಅದರ ಕೆಲಸವೆಲ್ಲ ಮುಗಿದಿತ್ತು, ಚೈನ್‌ಪ್ಲೇಟ್ ಒಂದು ಬಿಟ್ಟು. "ಅವನ ಡ್ರಾಯಿಂಗಿನಲ್ಲಿ ಒಳಗೇ ಉಂಟು. ಈಗ ನೀವು ಹೇಳಿದ ಹಾಗೆ, ವೈನಿ" ಎಂದರು.

ಗೆದ್ದ ಜಗಳದಷ್ಟು ಬೇಸರದ್ದು ಇನ್ನೊಂದಿಲ್ಲ, ಎದುರಾಳಿ ಇಲ್ಲದಿದ್ದರೆ. ಅವರ ಇಷ್ಟದಂತೆ ಒಳಗೇ ಹಾಕಿಸುವುದು ಹೆಂಡತಿಯ ಧರ್ಮವಿರಬೇಕು ಎಂದುಕೊಂಡು ಹಲವು ಸಂಜೆ ಆ ದೋಣಿಯ ಪಕ್ಕದಲ್ಲಿ ನಿಂತೆ. ಅದರ ಬಿಳಿಯ ಮೈ ಎಷ್ಟು ನುಣುಪಾಗಿತ್ತು! ಜೀರಿಗೆ ನೀರು ಕೇಳಿದಾಗಿನ ಅವರ ಮುಖದಂತೆ. ಕೊನೆಗೊಂದು ದಿನ ಬಸ್ಸು ಹತ್ತಿ ತಾರಿಹಾಳಕ್ಕೆ ಹೋದೆ. ಅಲ್ಲಿ ಪಂಪಿನ ಭಾಗಗಳನ್ನು ಮಾಡುವ ಬಸಣ್ಣನ ವರ್ಕ್‌ಶಾಪಿನಲ್ಲೇ ನಮ್ಮವರ ಕೆಲಸವೆಲ್ಲ ನಡೆಯುತ್ತಿದ್ದುದು.

"ರಾಯರು ಒಳಗ ಅಂದಿದ್ರಲ್ರೀ, ಬಾಯಾರ?"

"ಅಂದಿದ್ರು. ನಾ ಹೊರಗ ಅಂತೀನಿ."

"ನಾಳೆ ರಾಯರು ನನ್ನ ಕನಸಿನ್ಯಾಗ ಬಂದು ಬೈದ್ರ ಏನ ಮಾಡ್ಲಿರಿ?"

"ನನ್ನ ಕಡೆ ಕಳಸು ಬಸಣ್ಣ. ಭಾಳ ದಿನಾ ಆತು ಅವರ ಜೋಡಿ ಜಗಳಾಡಿ."

ಬಸಣ್ಣ ಗ್ರೈಂಡರ್ ಚಾಲೂ ಮಾಡಿದ. ಆ ಸದ್ದಿನಲ್ಲಿ ಮಾತಾಡುವ ಪ್ರಶ್ನೆಯೇ ಇರಲಿಲ್ಲ, ಅಳಲು ಕರ್ಚೀಫು ತೆಗೆಯುವ ಅಗತ್ಯವೂ ಬೀಳಲಿಲ್ಲ.

ಪಟ್ಟಿಗಳು ಹೊರಮೈಗೇ ಕೂತವು, ಟಾಂಗಾದಂತೆ. ಮತ್ತೆ ಗೇಟು ಕಿತ್ತು ಲಾರಿ ಹೊರಟಾಗ ಅವೇ ಬಿಸಿಲಿಗೆ ಕೊನೆಯವರೆಗೂ ಹೊಳೆದವು. ಹಿತ್ತಿಲಿನಲ್ಲಿ ದೋಣಿಯ ಆಕಾರದಷ್ಟು ಜಾಗದಲ್ಲಿ ಹುಲ್ಲು ಬೆಳೆದಿರಲಿಲ್ಲ. ನಾನು ಅದನ್ನು ನೋಡುತ್ತ ನಿಂತಿದ್ದಾಗ ಗೋಡೆಯ ಆಚೆ ಬಳೆ ಸದ್ದಾಯಿತು.

"ಊಟ ಆತೇನ್ರಿ, ಮಾಲತಿಬಾಯಿ?"

ಗಲ್ಲ ತಾನಾಗಿಯೇ ಮೇಲೆದ್ದಿತು. ಇಳಿಸಿದೆ.

"ಇಲ್ರಿ" ಎಂದೆ. "ಮಾಡೇ ಇಲ್ಲ. ಮನಸ್ಸಾಗವಲ್ದು."

ಶಾಂತಕ್ಕ ಕೈಯಲ್ಲಿದ್ದ ಸೀರೆಯನ್ನು ಮತ್ತೆ ತಂತಿಯ ಮೇಲೆ ಹಾಕಿದರು. "ಖರೇ ಹೇಳ್ಲೇನ್ರಿ? ನಂದೂ ಆಗಿಲ್ಲ. ನಿನ್ನೆನೂ ಆಗಿದ್ದಿಲ್ಲ. ನಿಮ್ಮ ಮನ್ಯಾಗ ಬ್ಯಾಳಿ ಅದ ಏನು?" ಎಂದರು.

ಬೇಳೆ ಇತ್ತು.

ಹೊರಗಿನ ಚೈನ್‌ಪ್ಲೇಟಿನ ದೋಷಗಳಲ್ಲಿ ಒಂದನ್ನು ಹೇಳುವುದು ಮರೆತಿದ್ದೆ. ಅದು ಹೊರಕ್ಕೆ ಚಾಚಿಕೊಂಡಿರುವುದರಿಂದ, ಬಂದರಿನಲ್ಲಿ ಅಕ್ಕಪಕ್ಕ ಕಟ್ಟಿದಾಗ ಪಕ್ಕದ ದೋಣಿಗೆ ತಾಗುತ್ತದೆ ಎಂದು ಮ್ಯಾಗಝೀನಿನವರು ಎಚ್ಚರಿಸುತ್ತಾರೆ. ಇರಬಹುದು. ಶಾಂತಕ್ಕ ಈವರೆಗೆ ಮಾಡಿದ ತಕರಾರು ಒಂದೇ: ನನ್ನ ಸಾರಿಗೆ ಹುಳಿ ಕಡಿಮೆಯಂತೆ.